ಬಲಗಡೆಯ ವಾರೆ ಹಲ್ಲು

ನನ್ನ ತಂಗಿಯ ಬಾಯಲ್ಲಿ ಹನ್ನೊಂದು ವರ್ಷ ಒಂದು ಗೇಟು ಇತ್ತು. ಹಾಗೆ ಹೆಸರಿಟ್ಟವಳು ಅವಳೇ. ತಾನು ಕೆಲಸ ಮಾಡುವ ಆಸ್ಪತ್ರೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗ, ಯಾವನೋ ಆತುರದ ಡಾಕ್ಟರು ಮೇಲಿನ ನಾಲ್ಕು ಹಲ್ಲುಗಳನ್ನೂ ಅರೆದು, ನಾಲ್ಕಕ್ಕೂ ಸೇರಿಸಿ ಒಂದೇ ತುಂಡಿನ ಬಿಳಿ ಕ್ಯಾಪು ಕೂರಿಸಿ ಕಳಿಸಿದ್ದ. ಹಲ್ಲಿಗೂ ಹಲ್ಲಿಗೂ ನಡುವೆ ಸಂದಿಯಿಲ್ಲ, ಗೀಚಿದ ಗೆರೆ ಮಾತ್ರ. ಬಣ್ಣ ಸುಣ್ಣ ಬಳಿದ ಗೋಡೆಯದು. "ಬಾಯಿಗೆ ಗೇಟು ಹಾಕ್ಸಿದ್ದೀನಿ, ಇನ್ಮೇಲೆ ಎಲ್ರೂ ಕೇಳ್ಕೊಂಡು ಒಳಗೆ ಬರ್ಬೇಕು" ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು.

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರು ಎರೆದು ಬಾಯಿಯ ಅಚ್ಚು ಮಾಡಿಕೊಂಡು, ಅದರ ಮೇಲೆ ಮೊದಲು ಮೇಣದಲ್ಲಿ ಹಲ್ಲಿನ ಆಕಾರ ಕಟ್ಟಿ ನೋಡಿ, ಆಮೇಲೆ ಪಿಂಗಾಣಿಯ ಪುಡಿಯನ್ನು ಕುಂಚದ ತುದಿಯಿಂದ ಪದರ ಪದರವಾಗಿ ಏರಿಸಿ ಕುಲುಮೆಯಲ್ಲಿ ಸುಡುತ್ತೇವೆ. ಕಾಗದ, ಪೆನ್ನು ಮಾರುವ ಅಂಗಡಿಯೊಂದರ ಮೇಲಿನ ಎರಡು ಕೋಣೆ ನಮ್ಮ ಲ್ಯಾಬು. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಮೇಜು. ಜೊತೆಗಿರುವವರು ಪ್ಲಾಸ್ಟರ್ ಅಣ್ಣ. ಅಚ್ಚು ಎರೆಯುವುದು, ಕೆರೆದು ಒಪ್ಪ ಮಾಡುವುದು ಅವರ ಪಾಲು. ನನಗಿಂತ ಎಂಟು ವರ್ಷ ದೊಡ್ಡವರು, ಹುಬ್ಬಿನ ಮೇಲೂ ಬಿಳಿ ಧೂಳು. ರೋಗಿಗಳ ಮುಖವನ್ನು ನಾವು ನೋಡುವುದಿಲ್ಲ, ಹಲ್ಲು ನೋಡಿಯೇ ಆಳು ಎಂಥವರೆಂದು ಊಹಿಸುತ್ತೇವೆ. ಸವೆದು ಚಪ್ಪಟೆಯಾದ ಹಲ್ಲು ಬಂದರೆ ಅಣ್ಣ, "ಈ ಯಮ್ಮ ಯಾರ ಮೇಲೋ ಹಲ್ಲು ಮಸೀತಾನೇ ಮಲಗ್ತಾಳೆ" ಎಂದು ಅಚ್ಚನ್ನು ನನ್ನತ್ತ ದೂಡುತ್ತಾರೆ.

ಈ ಕಸುಬಿನಲ್ಲಿ ಒಳ್ಳೆಯ ಕೈ ಎಂದರೆ ಎಲ್ಲವನ್ನೂ ನೆಟ್ಟಗೆ ಮಾಡುವ ಕೈ ಅಲ್ಲ. ಎಲ್ಲ ಸಮವಾಗಿದ್ದರೆ ಕಟ್ಟಿಸಿದ ಹಲ್ಲೆಂದು ರಸ್ತೆಯ ಆ ಬದಿಯಿಂದಲೇ ಗೊತ್ತಾಗಿಬಿಡುತ್ತದೆ. ಒಂದರ ಅಂಚು ತುಸು ಸವೆಸಬೇಕು, ಒಂದನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಒಂದಕ್ಕೆ ನೆರಳಿನಂಥ ಹಳದಿ ಕೊಡಬೇಕು. ನನಗೆ ಹೆಸರು ಬಂದದ್ದು ಇದರಿಂದಲೇ. ದೂರದ ಡಾಕ್ಟರುಗಳೂ ಮುಂದಿನ ಹಲ್ಲಿನ ಕೆಲಸವೆಂದರೆ ನನ್ನ ಮೇಜಿಗೇ ಕಳಿಸುತ್ತಾರೆ.

ಹಾಗಿದ್ದವಳು ಸ್ವಂತ ತಂಗಿಯ ಬಾಯಲ್ಲಿ ಹನ್ನೊಂದು ವರ್ಷ ಗೇಟು ನೋಡಿಕೊಂಡು ಹೇಗೆ ಸುಮ್ಮನಿದ್ದೆ ಎಂದು ಕೇಳಿದರೆ, ಅವಳಾಗಿ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ, ಅಷ್ಟೆ. ಅಕ್ಕತಂಗಿಯರ ನಡುವೆ ಇಂಥ ಎಷ್ಟೋ ಸಂಗತಿಗಳು ಹೀಗೆ ಬಿದ್ದಿರುತ್ತವೆ. ಕೊನೆಗೆ ಅವಳ ಒಸಡು ನೀಲಿಗಟ್ಟಿ, ಬ್ರಶ್ ಮುಟ್ಟಿದರೆ ರಕ್ತ ಬರತೊಡಗಿತು. ನನಗೆ ಹೆಚ್ಚು ಕೆಲಸ ಕಳಿಸುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಗೇಟನ್ನು ಕತ್ತರಿಸಿ ತೆಗೆಯಬೇಕು, ಒಸಡು ಮಾಗಲು ಬಿಡಬೇಕು, ಆಮೇಲೆ ಒಂದೊಂದಾಗಿ ನಾಲ್ಕು ಹೊಸ ಹಲ್ಲು ಎಂದರು. ತಂಗಿ ನನ್ನ ಮುಖ ನೋಡಿದಳು. "ನಾನು ಮಾಡ್ತೀನಿ ಬಿಡೆ" ಎಂದೆ.

ಆ ನಾಲ್ಕು ಹಲ್ಲಿಗೆ ಮೂರು ವಾರ ಹಿಡಿಯಿತು. ಬೇರೆಯವರದಾದರೆ ನಾಲ್ಕು ದಿನ. ಎರಡು ಸಲ ಸುಟ್ಟು, ಮನಸ್ಸಿಗೆ ಬಾರದೆ ಒಡೆದು ಮತ್ತೆ ಏರಿಸಿದೆ. ಕೊನೆಗೆ ಅಚ್ಚಿನ ಮೇಲೆ ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ನನ್ನ ಇಡೀ ಕಸುಬಿನಲ್ಲಿ ಇಷ್ಟು ಜೀವಂತವಾದ ಹಲ್ಲು ಮಾಡಿರಲಿಲ್ಲ ಅನ್ನಿಸಿತು. ಬಾಯಲ್ಲಿ ಕೂತ ಮೇಲಂತೂ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅದೇ ವಾರ ತಂಗಿಯ ಮನೆಗೆ ಬಂದಿದ್ದ ನಮ್ಮ ಚಿಕ್ಕಮ್ಮ ಅವಳ ಗಲ್ಲ ಹಿಡಿದು, "ನಮ್ಮಕ್ಕನೇ ಎದ್ದು ಬಂದ ಹಾಗಿದೆ ಕಣೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಒಳಗೊಳಗೇ ಹಿಗ್ಗಿದೆ. ತಂಗಿ ಅಡುಗೆಮನೆಗೆ ಎದ್ದು ಹೋದಳು.

ಆರು ವಾರದ ಮೇಲೆ ತಂಗಿಯ ಮಗಳು ಲ್ಯಾಬಿಗೆ ಫೋನು ಮಾಡಿದಳು. ಮೊದಲು ನನ್ನ ಮಂಡಿನೋವು ವಿಚಾರಿಸಿದಳು, ಹವೆ ವಿಚಾರಿಸಿದಳು. ಈ ಹುಡುಗಿ ಏನನ್ನೋ ಸುತ್ತಿ ಬಳಸಿ ತರುತ್ತಿದ್ದಾಳೆ ಎಂದು ಗೊತ್ತಾಯಿತು.

"ದೊಡ್ಡಮ್ಮ, ಅಮ್ಮ ಬಚ್ಚಲುಮನೆ ಕನ್ನಡಿ ಮೇಲೆ ಟವೆಲ್ ಹಾಕಿದಾಳೆ."

ಒಣಗಲು ಹಾಕಿರಬೇಕು ಎಂದೆ. ಒಂದು ತಿಂಗಳಿಂದ ಒಣಗುತ್ತಿದೆಯಾ ಎಂದು ಕೇಳಿದಳು. ಊಟಕ್ಕೆ ಎಲ್ಲರೂ ಎದ್ದ ಮೇಲೆ ಕೂರುತ್ತಾಳಂತೆ. ಮಾತಾಡುವಾಗ ಕೈ ಬಾಯಿಗೆ ಹೋಗುತ್ತದಂತೆ. ಗೇಟು ಇದ್ದಾಗ ಒಮ್ಮೆಯೂ ಕೈ ಅಡ್ಡ ಹಿಡಿದವಳಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ತಂಗಿ ಅಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೂರುತ್ತಾಳೆ. ಯಾವ ಡಾಕ್ಟರು ಎಷ್ಟನೇ ಕೋಣೆ, ರಕ್ತಪರೀಕ್ಷೆ ಎಲ್ಲಿ, ಲಿಫ್ಟು ಯಾವ ಕಡೆ. ದಿನಕ್ಕೆ ಮುನ್ನೂರು ಜನಕ್ಕೆ ಹೇಳುವ ಕೆಲಸ. ಅವಳಿಗೆ ಅದರಲ್ಲಿ ಸುಖವಿದೆ. ಗದರುವವರನ್ನು ಗದರಿಸಿ, ಅಳುವವರಿಗೆ ನೀರು ಕೊಟ್ಟು, ಮಾತಿಗೆ ಮಾತು ಪೋಣಿಸುತ್ತ ಕೂತಿರುತ್ತಾಳೆ. ನಾನು ಹೋದಾಗ ಸಾಲು ಬಾಗಿಲತನಕ ಇತ್ತು. ಅವಳು ಮಾಸ್ಕು ಹಾಕಿಕೊಂಡಿದ್ದಳು. ಪಕ್ಕದ ಮೂರು ಕಿಟಕಿಗಳಲ್ಲಿ ಯಾರೂ ಹಾಕಿರಲಿಲ್ಲ. ಕೇಳಿದವರಿಗೆ ಮಾತಿಲ್ಲದೆ ಚೀಟಿಯ ಮೇಲೆ ಕೋಣೆಯ ಸಂಖ್ಯೆ ಬರೆದು ಬರೆದು ಕೊಡುತ್ತಿದ್ದಳು. ಒಬ್ಬ ಮುದುಕಿ ಚೀಟಿ ತಿರುಗಿಸಿ ಮುರುಗಿಸಿ ನೋಡಿ, ಓದಲು ಬಾರದೆ ಹಾಗೇ ನಿಂತಿದ್ದಳು. ತಂಗಿ ಬೆರಳು ಮಾಡಿ ದಾರಿ ತೋರಿಸಿದಳು. ಬಾಯಿ ಬಿಡಲಿಲ್ಲ.

ಊಟದ ಬಿಡುವಿನಲ್ಲಿ ಹಿಂದಿನ ಅಂಗಳದ ಬೆಂಚಿನ ಮೇಲೆ ಕೂತೆವು. ಎಲ್ಲಿ ಚುಚ್ಚುತ್ತಿದೆ, ಎಲ್ಲಿ ಎತ್ತರವಾಗಿದೆ, ಬಣ್ಣ ಕಡಿಮೆಯಾಯಿತೇ ಎಂದೆಲ್ಲ ಕೇಳಿದೆ. ಏನಿಲ್ಲ, ಎಲ್ಲ ಸರಿಯಿದೆ ಎಂದಳು. ಸರಿಯಿದ್ದರೆ ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀ, ಮೂರು ವಾರ ಕಣ್ಣು ಕಿತ್ತುಕೊಂಡು ಮಾಡಿದ್ದೇನೆ ಎಂದು ನನ್ನ ದನಿ ಏರಿತು. ಅವಳು ಮಾಸ್ಕು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅದರ ದಾರವನ್ನು ಬೆರಳಿಗೆ ಸುತ್ತಿದಳು.

"ಹಲ್ಲು ಚೆನ್ನಾಗಿದೆ ಅಕ್ಕ. ಅಮ್ಮಂದು."

"ಅಂದ್ರೆ?"

"ಅಮ್ಮನ ಹಲ್ಲು ತಂದು ನನ್ನ ಬಾಯಲ್ಲಿ ಇಟ್ಟಿದ್ದೀಯ. ಬೆಳಿಗ್ಗೆ ಎದ್ದು ಕನ್ನಡಿ ನೋಡಿದ್ರೆ ನನ್ನ ನೋಡಿ ನಗ್ತಾಳೆ. ಆ ನಗು ನಿಂಗೆ ಗೊತ್ತಲ್ಲ."

ನನಗೆ ಗೊತ್ತಿದ್ದ ನಗು ಬೇರೆ. ನಮ್ಮ ಅಮ್ಮನ ನಗುವನ್ನು ಹೊಗಳದವರಿರಲಿಲ್ಲ. ಬಲಗಡೆಯ ಹಲ್ಲೊಂದು ತುಸು ವಾರೆಯಾಗಿ ನಡುವಿನ ಹಲ್ಲಿಗೆ ಒರಗಿಕೊಂಡಿತ್ತು. ನಕ್ಕಾಗ ಮೊದಲು ಅದು ಇಣುಕುತ್ತಿತ್ತು, ಆಮೇಲೆ ಉಳಿದದ್ದು. ಅಮ್ಮ ಹೋಗಿ ಆರು ವರ್ಷವಾದ ಮೇಲೂ ಆ ನಗುವನ್ನು ನೆನೆದರೆ ನನಗೆ ಬೆಚ್ಚಗಾಗುತ್ತದೆ. ಅದನ್ನೇ ತಂಗಿಗೆ ಹೇಳಿದೆ. ತಾಯಿಯ ಹೋಲಿಕೆ ಬಂದರೆ ಸಂಕಟಪಡುವವಳು ನೀನೊಬ್ಬಳೇ ಇರಬೇಕು ಎಂದೂ ಹೇಳಿದೆ.

ಅವಳು ಜಗಳವಾಡಲಿಲ್ಲ. ತಾನು ಹದಿನಾಲ್ಕರಲ್ಲಿದ್ದಾಗ ಒಂದು ದಿನ ಊಟಕ್ಕೆ ಕೂತಾಗ, ಕಾರು ಓಡಿಸುವುದು ಕಲಿಯುತ್ತೇನೆ, ದೊಡ್ಡವಳಾದ ಮೇಲೆ ಊರೂರು ಒಬ್ಬಳೇ ತಿರುಗುತ್ತೇನೆ ಎಂದು ಹೇಳಿದ್ದು ನೆನಪಿದೆಯಾ ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಅಮ್ಮ ಬೈಯಲಿಲ್ಲವಂತೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಮೇಲ್ದುಟಿ ಎತ್ತಿ, ಆ ಹಲ್ಲು ತೋರಿಸಿ, ಎಲ್ಲರೂ ತನ್ನತ್ತ ನೋಡುವವರೆಗೆ ಹಾಗೇ ಕಾದಿದ್ದಳಂತೆ. "ಕೇಳಿದ್ರಾ ನಮ್ಮವಳು ಹೇಳಿದ್ದು?" ಎಂದಷ್ಟೇ ಕೇಳಿದ್ದಂತೆ. ಎಲ್ಲರೂ ನಕ್ಕರಂತೆ.

"ಪ್ರತಿ ಸಲ ಹಾಗೇ. ನಾನು ಬಾಯಿ ತೆಗೆದ್ರೆ ಸಾಕು, ಆ ಹಲ್ಲು ಹೊರಗೆ ಬರ್ತಿತ್ತು. ಅರ್ಧ ಹೇಳಿ ನಿಲ್ಲಿಸ್ತಿದ್ದೆ. ನೀನೂ ನಗ್ತಿದ್ದೆ ಅಕ್ಕ. ನಿನ್ನ ಮೇಲೆ ಸಿಟ್ಟಿಲ್ಲ, ಚಿಕ್ಕವಳು ನೀನೂ. ಆದ್ರೆ ಈಗ ಕಿಟಕಿಯಲ್ಲಿ ಕೂತ್ಕೊಂಡು ಯಾರಿಗಾದ್ರೂ ಏನಾದ್ರೂ ಹೇಳೋಕೆ ಹೋದ್ರೆ, ನಾಲಿಗೆ ಹೋಗಿ ಆ ಹಲ್ಲಿಗೆ ತಗಲುತ್ತೆ. ಅಲ್ಲೇ ಮಾತು ನಿಲ್ಲುತ್ತೆ."

ಬಿಡುವು ಮುಗಿದ ಗಂಟೆ ಹೊಡೆಯಿತು. ಅವಳು ಮಾಸ್ಕು ಹಾಕಿಕೊಂಡು ಎದ್ದಳು. ಅವಳ ಮೇಲಧಿಕಾರಿ ಆಗಲೇ ಎರಡು ಸಲ ಕರೆದು, ಹೀಗೆ ಮೂಗಿಯ ಹಾಗೆ ಕೂತರೆ ಹಿಂದಿನ ದಾಖಲೆ ಕೋಣೆಗೆ ಹಾಕಬೇಕಾಗುತ್ತದೆ ಎಂದಿದ್ದಾರಂತೆ. ಹೋಗುವಾಗ ಅದನ್ನೂ ಹೇಳಿ ಹೋದಳು, ಹವೆಯ ವಿಷಯ ಹೇಳುವ ಹಾಗೆ.

ನನಗೆ ಸಿಟ್ಟೇ ಬಂದಿತ್ತು, ಸುಳ್ಳೇಕೆ ಹೇಳಲಿ. ಲ್ಯಾಬಿಗೆ ಬಂದವಳು ಪ್ಲಾಸ್ಟರ್ ಅಣ್ಣನ ಮುಂದೆ ಎಲ್ಲವನ್ನೂ ತೋಡಿಕೊಂಡೆ. ನೋಡಿ, ಅವಳ ಬಾಯಿಗೆ ಹೊಂದುವ ಹಾಗೆ ನನ್ನ ಕಸುಬಿನ ಬುದ್ಧಿಯಿಂದ ಒಂದು ಹಲ್ಲು ತುಸು ತಿರುಗಿಸಿದ್ದಕ್ಕೆ ಎಲ್ಲಿಂದ ಎಲ್ಲಿಗೆ ಕಥೆ ಕಟ್ಟಿದ್ದಾಳೆ ಎಂದೆ. ಅಣ್ಣ ಅಚ್ಚು ಕೆರೆಯುತ್ತಿದ್ದರು. ಕೆರೆಯುವುದು ನಿಲ್ಲಿಸಲಿಲ್ಲ.

"ನೀವು ಎಲ್ರಿಗೂ ಹಾಗೇ ತಿರುಗಿಸ್ತೀರಲ್ಲಮ್ಮ" ಎಂದರು.

"ಏನು ಹಾಗೇ?"

"ಬಲಗಡೆ ಹಲ್ಲು. ಚೀಟಿ ನೋಡ್ದೇನೇ ನಿಮ್ಮ ಕೆಲ್ಸ ಯಾವುದು ಅಂತ ಹೇಳ್ತೀನಿ ನಾನು. ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ. ನಿಮ್ಮ ಗುರುತು ಅಂತ ಅಂದ್ಕೊಂಡಿದ್ದೆ."

ಗೋಡೆಗೆ ಮೂರು ಕಪಾಟು ಇವೆ. ಕೆಲಸ ಕಳಿಸುವ ಮೊದಲು, ಹೊಸ ಹಲ್ಲು ಕೂರಿಸಿದ ಬಾಯಿಯ ನಕಲನ್ನೂ ಅಣ್ಣ ಪ್ಲಾಸ್ಟರಿನಲ್ಲಿ ಎರೆದಿಡುತ್ತಾರೆ, ಎರಡು ವರ್ಷ ಅವನ್ನು ನಾವು ಎಸೆಯುವುದಿಲ್ಲ. ಮುಂದಿನ ಹಲ್ಲಿನ ಕೆಲಸಗಳನ್ನು ಒಂದೊಂದೇ ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಡಾಕ್ಟರುಗಳ ಚೀಟಿಯಿಂದ ಗೊತ್ತಾದವರು: ಬ್ಯಾಂಕಿನವನೊಬ್ಬ, ಹಾಡುಗಾರ್ತಿಯೊಬ್ಬಳು, ಅಪಘಾತವಾದ ಕಾಲೇಜು ಹುಡುಗಿ, ಅರವತ್ತಾದ ಮೇಲೆ ಆಸೆಪಟ್ಟು ಹಲ್ಲು ಕಟ್ಟಿಸಿಕೊಂಡ ನಿವೃತ್ತ ಮಾಸ್ತರು. ಮೂವತ್ತೊಂದು ಬಾಯಿ. ಇಪ್ಪತ್ತೆಂಟರಲ್ಲಿ ಬಲಗಡೆಯ ಹಲ್ಲು ವಾರೆ. ಎಡಗಡೆ ತಿರುಗಿಸಿದ್ದು ಒಂದೂ ಇಲ್ಲ. ನನ್ನ ಕೈ ಇಷ್ಟು ವರ್ಷ ಈ ಊರಿನ ಬಾಯಿಬಾಯಲ್ಲಿ ನಮ್ಮ ಅಮ್ಮನನ್ನು ಇಟ್ಟು ಕಳಿಸಿದೆ, ನನಗೆ ಸುದ್ದಿಯಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರೋ ನಕ್ಕಾಗ ಸುಮ್ಮಸುಮ್ಮನೆ ಮನಸ್ಸು ಹಗುರಾಗುತ್ತಿದ್ದದ್ದು ನೆನಪಾಯಿತು. ಆ ಮೂವತ್ತೊಂದು ಬಾಯಿಗಳ ಮುಂದೆ ಕೂತಾಗ ಮೊದಲ ಬಾರಿ, ಆ ಹಲ್ಲನ್ನು ಮೇಜಿನ ಆಚೆ ಬದಿಯಿಂದ, ಹದಿನಾಲ್ಕು ವರ್ಷದವಳು ಕೂತ ಜಾಗದಿಂದ ನೋಡಿದರೆ ಹೇಗಿದ್ದೀತು ಎಂದು ಯೋಚಿಸಿದೆ. ಸೌಟು ಕೆಳಗಿಟ್ಟದ್ದು ಆಗ ನೆನಪಿಗೆ ಬಂತು. ನಾನು ನಕ್ಕದ್ದೂ ಬಂತು. ಜೋರಾಗಿಯೇ ನಕ್ಕಿದ್ದೆ, ಅಮ್ಮ ನನ್ನ ಕಡೆ ನೋಡಲಿ ಎಂದು.

ಆ ಸಂಜೆ ತಂಗಿಗೆ ಫೋನು ಮಾಡಿ, ತೆಗೆದು ಬೇರೆ ಮಾಡೋಣ ಎಂದೆ. ನಿನಗೆ ಬೇಜಾರಿಲ್ಲವಾ ಎಂದಳು. ಇದೆ ಎಂದೆ.

ಬೇರೆ ಎಂದರೆ ಯಾವುದು? ಅವಳದೇ ಹಲ್ಲಿನ ಆಕಾರ ಕೊಟ್ಟುಬಿಟ್ಟರೆ ಆಯಿತೆಂದು ಹಳೆಯ ಆಲ್ಬಮುಗಳನ್ನು ಹರಡಿಕೊಂಡು ಕೂತೆ. ಅಮ್ಮ ನಗುತ್ತಿದ್ದಾಳೆ, ನಾನು ನಗುತ್ತಿದ್ದೇನೆ, ಚಿಕ್ಕಮ್ಮನ ಮಕ್ಕಳು ಹಲ್ಲು ಕಿರಿದು ನಿಂತಿದ್ದಾರೆ. ತಂಗಿ ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡಿದ್ದಾಳೆ. ಐದು ವರ್ಷದವಳಿದ್ದಾಗಿನ ಒಂದು ಪಟದಲ್ಲಿ ಮಾತ್ರ ಬಾಯಿ ತೆರೆದಿತ್ತು. ಅದು ಹಾಲುಹಲ್ಲು, ಲೆಕ್ಕಕ್ಕಿಲ್ಲ. ಕಣ್ಣು ಮುಚ್ಚಿ ನೆನೆಯಲು ನೋಡಿದೆ. ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ಬೆಳೆದವರು ನಾವು. ಬ್ಯಾಂಕಿನವನ ಕೋರೆಹಲ್ಲು ಈಗ ಕೇಳಿದರೂ ಬರೆದು ತೋರಿಸುತ್ತೇನೆ. ನನ್ನ ತಂಗಿಯ ಮುಂದಿನ ಹಲ್ಲು, ಬೀಳುವ ಮೊದಲು, ಉದ್ದವಿತ್ತೋ ಅಗಲವಿತ್ತೋ ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಹಾಗಾಗಿ ಭಾನುವಾರ ಅವಳನ್ನು ಲ್ಯಾಬಿಗೇ ಕರೆದೆ. ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಮೇಣದ ಕೆಲಸವನ್ನು ರೋಗಿಗೆ ತೋರಿಸಿದರೆ ಮುಗಿಯಿತು, ದಿನವಿಡೀ ಹಿಂಜುತ್ತಾರೆ. ಅವಳು ಪ್ಲಾಸ್ಟರ್ ಅಣ್ಣನ ಸ್ಟೂಲಿನ ಮೇಲೆ ಕೈಚೀಲ ತಬ್ಬಿಕೊಂಡು ಕೂತಳು. ನಾನು ಅಚ್ಚಿನ ಮೇಲೆ ಮೇಣದ ನಾಲ್ಕು ಹಲ್ಲು ಕಟ್ಟಿ ಮುಂದಿಟ್ಟೆ. ಬಲಗಡೆಯದನ್ನು ನೆಟ್ಟಗೇ ಇಟ್ಟಿದ್ದೆನೆಂದು ನನ್ನ ನಂಬಿಕೆ. ಅವಳು ಬೆರಳಿಂದ ಮುಟ್ಟಿ, ಇದು ಇನ್ನೂ ತಿರುಗಿದೆ ಎಂದಳು. ಅಳತೆಕಡ್ಡಿ ಇಟ್ಟು ನೋಡಿದರೆ ಹೌದು, ತಿರುಗಿತ್ತು. ಕೆರೆದೆ. ಅಂಚಿನ ಸವೆತ ಬೇಡ ಎಂದಳು. ಕೆರೆದು ತುಂಬಿದೆ. ನಡುವಿನ ಎರಡು ಪಕ್ಕದವಕ್ಕಿಂತ ಉದ್ದ ಯಾಕೆ ಎಂದು ಕೇಳಿದಳು. ಪ್ರಕೃತಿಯೇ ಹಾಗೆ ಎಂದೆ. ಬೇಡ, ಸಮ ಮಾಡು ಎಂದಳು.

"ಸಮ ಮಾಡಿದ್ರೆ ಕಟ್ಟಿಸಿದ ಹಲ್ಲು ಅಂತ ಎದ್ದು ಕಾಣುತ್ತೆ ಕಣೆ. ಮತ್ತೆ ಗೇಟೇ ಆಗುತ್ತೆ."

"ಗೇಟಲ್ಲಿ ನಾನು ಹನ್ನೊಂದು ವರ್ಷ ಮಾತಾಡಿದೀನಿ ಅಕ್ಕ."

ಮೂರು ಗಂಟೆ ಕೆರೆದೆವು. ಅವಳು ಬೇಡ ಎನ್ನುತ್ತ ಹೋದಳು, ನಾನು ತೆಗೆಯುತ್ತ ಹೋದೆ. ಇಪ್ಪತ್ತಾರು ವರ್ಷದಲ್ಲಿ ಕಲಿತದ್ದೆಲ್ಲ ಮೇಣದ ಸಿಪ್ಪೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಉಳಿದದ್ದು ನಾಲ್ಕು ಸಾದಾ ಹಲ್ಲು: ಗಿಡ್ಡ, ಸಮ, ಒಂದರ ಪಕ್ಕ ಒಂದು, ಕೈ ಕೂಡಿಸಿ ನಿಂತ ಶಾಲೆಯ ಮಕ್ಕಳಂತೆ. ಹೊಸಬರು ಯಾರಾದರೂ ಇಂಥದ್ದು ಮಾಡಿ ತಂದರೆ ನಾನು ಮೂಗು ಮುರಿದು ವಾಪಸು ಕೊಡುತ್ತಿದ್ದೆ. ಅವಳು ಅಚ್ಚನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಹ್ಞೂಂ ಎಂದಳು. ಇದು ಸಾಕು ಎಂದಳು.

ಪಿಂಗಾಣಿ ಏರಿಸುವಾಗ ಪಟ್ಟ ಕಷ್ಟ ಹೇಳತೀರದು. ಕುಂಚ ಹಿಡಿದ ಕೈ ತಾನಾಗಿ ಬಲಕ್ಕೆ ಹೊರಳುತ್ತಿತ್ತು. ಪದರಕ್ಕೊಮ್ಮೆ ನಿಲ್ಲಿಸಿ ಅಳತೆಕಡ್ಡಿ ಇಡುತ್ತಿದ್ದೆ. ಅಣ್ಣ ಒಂದೆರಡು ಸಲ ಬಂದು ಹೆಗಲ ಮೇಲಿಂದ ನೋಡಿ ಹೋದರು. ಸುಡುವ ಮೊದಲು ಅವರನ್ನೇ ಕರೆದು ನೆಟ್ಟಗಿದೆಯಾ ಎಂದು ಕೇಳಿದೆ. "ನಿಮ್ಮ ಕೆಲ್ಸ ಅಂತ ಗೊತ್ತಾಗಲ್ಲ" ಎಂದರು. ಅದು ಹೊಗಳಿಕೆಯೋ ಅಲ್ಲವೋ ನಾನು ಕೇಳಲಿಲ್ಲ.

ಕೂರಿಸುವ ದಿನ ಡಾಕ್ಟರಮ್ಮ ಪೆಟ್ಟಿಗೆ ತೆರೆದು ನನ್ನನ್ನು ಪಕ್ಕಕ್ಕೆ ಕರೆದರು. ಮೊದಲು ಮಾಡಿದ್ದು ಅಷ್ಟು ಚೆನ್ನಾಗಿರುವಾಗ ಅದನ್ನು ಒಡೆದು ಇದನ್ನು ಹಾಕಲು ತಮಗೆ ಕೈ ಬರುವುದಿಲ್ಲ ಎಂದರು. ಯಾರಾದರೂ ಕೇಳಿದರೆ ನನ್ನ ಲ್ಯಾಬಿನದೆಂದು ಹೇಳಬೇಕಾಗುತ್ತದೆ ಎಂದೂ ನೆನಪಿಸಿದರು. ಹೇಳಿ ಎಂದೆ. ಆಮೇಲೆ ಹಲ್ಲು ಕತ್ತರಿಸುವ ಸಣ್ಣ ಗಾಲಿಯ ಚೂಪು ಸದ್ದು ಶುರುವಾಯಿತು. ಮೂರು ವಾರ ಮಾಡಿದ ಹಲ್ಲು ಹತ್ತು ನಿಮಿಷದಲ್ಲಿ ಹೋಳಾಗಿ ತಟ್ಟೆಗೆ ಬಿತ್ತು. ನಾನು ಕುರ್ಚಿಯ ಕಾಲ ಬಳಿ ನಿಂತು ತಂಗಿಯ ಪಾದ ನೋಡುತ್ತಿದ್ದೆ. ಮೊದಲು ಬೆರಳುಗಳನ್ನು ಬಿಗಿಹಿಡಿದಿದ್ದಳು. ಬಲಗಡೆಯದು ಬಿದ್ದ ಮೇಲೆ ಸಡಿಲ ಬಿಟ್ಟಳು.

ಹೊಸವು ಕೂತ ಮೇಲೆ ಡಾಕ್ಟರಮ್ಮ ಕನ್ನಡಿ ಕೊಟ್ಟರು. ಅವಳು ತುಂಬ ಹೊತ್ತು ನೋಡಿಕೊಂಡಳು. ಬಾಯಿ ಮುಚ್ಚಿ, ತೆರೆದು, ತುಟಿ ಎತ್ತಿ, ಪಕ್ಕಕ್ಕೆ ತಿರುಗಿ. ನಾಲಿಗೆಯಿಂದ ಬಲಗಡೆ ಸವರಿದಳು, ಮತ್ತೆ ಸವರಿದಳು.

"ಇದು ಯಾರೂ ಅಲ್ಲ ಅಲ್ವಾ ಅಕ್ಕ?"

"ಯಾರೂ ಅಲ್ಲ" ಎಂದೆ.

"ಸರಿ. ಅಭ್ಯಾಸ ಮಾಡ್ಕೋತೀನಿ."

ಹೊರಗೆ ಬಂದು ಬಸ್ಸಿಗಾಗಿ ಕಾಯುತ್ತ ನಿಂತೆವು. ಇಂಜೆಕ್ಷನ್ನಿನ ಜೋಮು ತುಟಿಯಿಂದ ಇನ್ನೂ ಇಳಿದಿರಲಿಲ್ಲ. ಅವಳ ಮಾತು ಒಂದು ಬದಿಗೆ ಜಾರುತ್ತಿತ್ತು. ಆದರೂ ಶುರು ಮಾಡಿದಳು. ಹೋದ ವರ್ಷ ಕಾಲು ಉಳುಕಿಸಿಕೊಂಡ ಒಬ್ಬ ಆಸ್ಪತ್ರೆಗೆ ಬಂದಿದ್ದನಂತೆ. ಮೂಳೆಯ ವಿಭಾಗದಲ್ಲಿ ಕುರ್ಚಿ ಮರದ್ದು, ಕಣ್ಣಿನ ವಿಭಾಗದಲ್ಲಿ ಮೆತ್ತನೆಯದು ಎಂದು ಹೋಗಿ ಕಣ್ಣಿನ ಸಾಲಿನಲ್ಲಿ ಕೂತನಂತೆ. ಅವನ ಸರದಿ ಬಂದಾಗ ನರ್ಸಮ್ಮ ಕೇಳಲೂ ಇಲ್ಲ, ಹೇಳಲೂ ಬಿಡಲಿಲ್ಲ, ತಲೆ ಹಿಂದಕ್ಕೆ ಒತ್ತಿ ಎರಡೂ ಕಣ್ಣಿಗೆ ಔಷಧಿ ಬಿಟ್ಟಳಂತೆ. ಆಮೇಲೆ ಅವನಿಗೆ ನಡೆಯಲೂ ಆಗದು, ನೋಡಲೂ ಆಗದು. ಗೋಡೆ ಹಿಡಿದು ಕುಂಟುತ್ತ ಇವಳ ಕಿಟಕಿಗೆ ಬಂದು ನಿಂತನಂತೆ. ಅಲ್ಲಿಗೆ ಬಂದವಳು ಕಥೆ ನಿಲ್ಲಿಸಿ ನನ್ನ ಮುಖ ನೋಡಿದಳು, ಯಾವಾಗಿನಿಂದಲೂ ನೋಡುವ ಹಾಗೆ. ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಿತ್ತು. ಒಳ್ಳೆಯ ಮಾತೇ, ತಮಾಷೆಯದ್ದೇ. ನುಂಗಿಕೊಂಡೆ.

"ಆಮೇಲೆ?" ಎಂದು ಕೇಳಿದೆ.

ಬಸ್ಸು ಬಂತು, ಹೋಯಿತು. ಅವಳು ಕೈಯಲ್ಲಿ ಅವನ ಕುಂಟುನಡಿಗೆ ಮಾಡಿ ತೋರಿಸುತ್ತ, ಅವನೇನೆಂದ, ತಾನೇನೆಂದೆ, ಹಿಂದೆ ನಿಂತ ಮುದುಕ ನಡುವೆ ಬಾಯಿ ಹಾಕಿ ಏನೆಂದ ಎಂದು ಒಂದೂ ಬಿಡದೆ ಹೇಳಿದಳು. ಕಥೆ ನಾನು ಎಣಿಸಿದ್ದಕ್ಕಿಂತ ತುಂಬ ಉದ್ದವಿತ್ತು.